ಸೀಟು ಕೊಟ್ಟರಷ್ಟೇ ಸಾಕೇ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ, ಶೇ 40 ಅಥವಾ ಹೆಚ್ಚು ಅಂಗವೈಕಲ್ಯ ಇರುವವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು, ಸರ್ಕಾರಿ ನೌಕರಿಯಲ್ಲಿ ಕನಿಷ್ಠ ಶೇ 4ರಷ್ಟು ಹುದ್ದೆ ಮೀಸಲು. ಆದರೆ ಸೀಟಿನಿಂದ ನೌಕರಿಯವರೆಗಿನ ದಾರಿ ಲ್ಯಾಬ್, ವರ್ಕ್‌ಶಾಪ್‌ಗಳ ಮೂಲಕವೇ ಹೋಗಬೇಕು. ಅಲ್ಲಿ ಕಲಿಸುವವರನ್ನು ಸಜ್ಜುಗೊಳಿಸುವವರು ಯಾರು?

ಶಾಲೆಯಲ್ಲಿ ಪಾಠ ಮಾಡಲು ಡಿ.ಇಡಿ, ಬಿ.ಇಡಿ ಬೇಕು. ಎಂಜಿನಿಯರಿಂಗ್ ಕಾಲೇಜಿಗೆ ಎಂ.ಟೆಕ್ ಆಗಿದ್ದರಾಯಿತು. ವಿಷಯ ಚೆನ್ನಾಗಿ ಗೊತ್ತಿದ್ದರೂ, ಕಣ್ಣು ಕಾಣದ ಅಥವಾ ಕಿವಿ ಕೇಳದ ವಿದ್ಯಾರ್ಥಿಗೆ ಅದನ್ನು ಹೇಗೆ ಮುಟ್ಟಿಸಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಡಿಪ್ಲೊಮಾ ಮುಗಿಸಿ ನಮ್ಮ ತರಗತಿಗೆ ಸೇರಿದ ಗೆಳೆಯನೊಬ್ಬ ತುಟಿಯ ಚಲನೆ ನೋಡಿಯೇ ಮಾತು ಗ್ರಹಿಸುತ್ತಾನೆ. ಮೇಷ್ಟ್ರು ಒಳ್ಳೆಯವರೇ. ಆದರೆ ಲೇತ್ ಕಡೆ ತಿರುಗಿಕೊಂಡು ವಿವರಿಸಿದರೆ ಅವನಿಗೆ ಅರ್ಧ ಪಾಠ ನಷ್ಟ. ಮೊದಲು ಎದುರು ನಿಂತು ಹೇಳಿ, ಆಮೇಲೆ ಯಂತ್ರ ತೋರಿಸಿದರೆ ಸಾಕು. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಇನ್ನೊಂದು ಉದಾಹರಣೆ ನೋಡಿ. ಎನ್‌ವಿಡಿಎಯಂತಹ ಉಚಿತ ತಂತ್ರಾಂಶ ಪರದೆಯ ಮೇಲಿನ ಕನ್ನಡವನ್ನೂ ಓದಿ ಹೇಳುತ್ತದೆ. ಆದರೆ ನೋಟ್ಸ್ ಹಳೆಯ ನುಡಿ ಫಾಂಟ್‌ನಲ್ಲಿದ್ದರೆ ಕೇಳಿಸುವುದು ಅರ್ಥವಿಲ್ಲದ ಅಕ್ಷರಗಳು ಮಾತ್ರ. ಪುಟದ ಫೋಟೊ ತೆಗೆದು ಪಿಡಿಎಫ್ ಮಾಡಿ ಕಳಿಸಿದರೆ ಅದನ್ನು ನೇರವಾಗಿ ಓದಲು ಅದಕ್ಕೆ ಆಗದು. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಸಮಸ್ಯೆ ಬಹುಮಟ್ಟಿಗೆ ಮುಗಿಯಿತು. ಬೋರ್ಡ್ ಮೇಲೆ ಬರೆದಿದ್ದನ್ನು ‘ಇದನ್ನು ಇಲ್ಲಿಗೆ ತಂದರೆ’ ಎನ್ನದೆ ಬಾಯಿಬಿಟ್ಟು ಓದಿದರೆ ಕಣ್ಣಿದ್ದವರಿಗೂ ಅನುಕೂಲ.

ಯಂತ್ರಗಳ ಹತ್ತಿರ ಇಂಥವರಿಗೆ ಅಪಾಯ ಅಲ್ಲವೇ ಎಂದು ಕೇಳುವವರಿದ್ದಾರೆ. ಕಾಳಜಿ ನಿಜವೇ. ಆದರೆ ಆ ಕಾರಣಕ್ಕೆ ವಿದ್ಯಾರ್ಥಿಯನ್ನು ಮೂಲೆಯಲ್ಲಿ ಕೂರಿಸಿ, ರೆಕಾರ್ಡ್ ಬರೆಸಿ ಅಂಕ ಕೊಟ್ಟರೆ ಅವನ ಕೈಯಲ್ಲಿ ಸರ್ಟಿಫಿಕೇಟ್ ಇರುತ್ತದೆ, ಕೆಲಸ ಬಂದಿರುವುದಿಲ್ಲ. ಸಂದರ್ಶನದಲ್ಲಿ ಅದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಬಜರ್ ಜೊತೆಗೆ ಎಚ್ಚರಿಕೆಯ ದೀಪವನ್ನೂ ಅಳವಡಿಸುವುದು, ಎದುರಿನಿಂದ ಬಂದು ಸನ್ನೆ ಮಾಡುವುದು, ಇವೂ ಕಲಿತರೆ ಬರುವ ವಿದ್ಯೆಗಳೇ.

ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್ ಎಂದು ಅಧ್ಯಾಪಕರಿಗೆ ತರಬೇತಿ ಶಿಬಿರಗಳು ನಡೆಯುತ್ತಲೇ ಇರುತ್ತವೆ. ಅವುಗಳ ಜೊತೆಗೆ ವರ್ಷಕ್ಕೆ ಮೂರು ದಿನ ಈ ವಿಷಯಕ್ಕೂ ಮೀಸಲಿಡಲಿ. ಅಧ್ಯಾಪಕರಷ್ಟೇ ಅಲ್ಲ, ಲ್ಯಾಬ್ ಸಹಾಯಕರು, ಗ್ರಂಥಪಾಲಕರು, ಕಚೇರಿ ಗುಮಾಸ್ತರೂ ಕೂರಲಿ. ಹೇಳಿಕೊಡುವವರಿಗೆ ಬರವಿಲ್ಲ: ಮೈಸೂರಿನಲ್ಲೇ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ, ಅಂಗವಿಕಲರಿಗಾಗಿಯೇ ಇರುವ ಜೆಎಸ್ಎಸ್ ಪಾಲಿಟೆಕ್ನಿಕ್ ಇದೆ. ಎಲ್ಲಕ್ಕಿಂತ ಮೊದಲು, ತಮಗೆ ಏನು ಬೇಕೆಂದು ಹೇಳಬಲ್ಲ ವಿದ್ಯಾರ್ಥಿಗಳು ತರಗತಿಯಲ್ಲೇ ಇದ್ದಾರೆ.

ಗೆಳೆಯರೇ, ಫೆಸ್ಟ್‌ಗೆ ಅನುಮತಿ ಕೇಳಲು ಪ್ರಾಂಶುಪಾಲರ ಕೊಠಡಿಗೆ ಹೋಗುತ್ತೀರಲ್ಲ, ಮುಂದಿನ ಸಲ ಈ ಮೂರು ದಿನದ ತರಬೇತಿಯನ್ನೂ ಕೇಳಿ ಬನ್ನಿ.