ಬೆಟ್ಟ ಅಗೆದವರು ಇಲಿ ಹಿಡಿಯಲಿಲ್ಲ

ಹತ್ತು ಹನ್ನೆರಡು ಸಂಪುಟಗಳ ಫ್ಯಾಂಟಸಿ ಕಾದಂಬರಿಗಳ ಮಾತು ಬಂದಾಗಲೆಲ್ಲ ಒಂದೇ ತೀರ್ಪು ಕಿವಿಗೆ ಬೀಳುತ್ತದೆ: ಕೊನೆಗೆ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಸಾವಿರಾರು ಪುಟ ಓದಿಸಿಕೊಂಡ ಲೇಖಕ ಮುಗಿಸುವ ಹೊತ್ತಿಗೆ ಸೋಲುತ್ತಾನೆ, ಇಲ್ಲವೇ ಮುಗಿಸುವುದೇ ಇಲ್ಲ ಎಂಬುದು ಆರೋಪ. ಹೀಗೆನ್ನುವವರಲ್ಲಿ ನಾನು ಗೌರವಿಸುವ ಓದುಗರೂ ಇದ್ದಾರೆ. ಆದ್ದರಿಂದಲೇ ಅವರ ಮಾತನ್ನು ಹಾಗೇ ಬಿಟ್ಟುಬಿಡಲು ಮನಸ್ಸಾಗುತ್ತಿಲ್ಲ.

ಮೊದಲನೆಯ ಆಕ್ಷೇಪ, ಇವರು ಮುಗಿಸುವುದೇ ಇಲ್ಲ ಎನ್ನುವುದು. ಇದಕ್ಕೆ ಸಾಕ್ಷಿ ಕೇಳಿದರೆ ಬರುವುದು ಎರಡೇ ಹೆಸರು: ಜಾರ್ಜ್ ಆರ್. ಆರ್. ಮಾರ್ಟಿನ್ ಮತ್ತು ಪ್ಯಾಟ್ರಿಕ್ ರಾತ್‌ಫಸ್. ಇಬ್ಬರ ಮುಖ್ಯ ಕಥೆಯೂ 2011ರಲ್ಲಿ ಬಂದ ಸಂಪುಟಕ್ಕೆ ನಿಂತಿದೆ, ಮುಂದಿನದಕ್ಕೆ ಓದುಗರು ಕಾಯುತ್ತಲೇ ಇದ್ದಾರೆ. ಆ ಕಾಯುವಿಕೆಯ ನೋವು ನನಗೂ ಗೊತ್ತು. ಆದರೆ ಇಬ್ಬರು ನಿಂತರೆಂದು ಇಡೀ ಓಣಿಗೆ ಬೀಗ ಹಾಕುವುದು ಯಾವ ನ್ಯಾಯ? ಟ್ಯಾಡ್ ವಿಲಿಯಮ್ಸ್ 1988ರಲ್ಲಿ ಶುರು ಮಾಡಿದ ಸರಣಿಯನ್ನು 1993ರಲ್ಲಿ ಮುಗಿಸಿದರು. ಸ್ಟೀವನ್ ಎರಿಕ್ಸನ್ 1999ರಿಂದ 2011ರೊಳಗೆ ಮಲಾಜನ್ ಸರಣಿಯ ಹತ್ತು ದಪ್ಪ ಸಂಪುಟಗಳನ್ನು ಬರೆದು ಪೂರೈಸಿದರು. ರಾಬಿನ್ ಹಾಬ್ ತಮ್ಮ ನಾಯಕ ಫಿಟ್ಜ್‌ನ ಕಥೆಯನ್ನು 1995ರಲ್ಲಿ ಆರಂಭಿಸಿ 2017ರಲ್ಲಿ ಅವನ ಕೊನೆಯ ಉಸಿರಿನ ತನಕ ಕೈಹಿಡಿದು ನಡೆಸಿದರು. ಇನ್ನೊಂದು ಮಾತು. ಮಾರ್ಟಿನ್ ಕೊನೆಯಲ್ಲಿ ಕೆಡಿಸಿದರು ಎನ್ನುವವರು ನೋಡಿದ್ದು 2019ರ ಮೇ ತಿಂಗಳಲ್ಲಿ ಮುಗಿದ, ಅವರ ಪುಸ್ತಕಗಳನ್ನು ಆಧರಿಸಿದ ಟಿವಿ ಧಾರಾವಾಹಿಯನ್ನು. ಪುಸ್ತಕದ ಕೊನೆ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ. ಬರೆಯದ ಪುಟಕ್ಕೆ ಅಂಕ ಕೊಡಲಾಗದು.

ಎರಡನೆಯದು ಹೆಚ್ಚು ತೂಕದ ಆಕ್ಷೇಪ: "ರಾಬರ್ಟ್ ಜೋರ್ಡನ್ ಕೂಡ ಮುಗಿಸಲಿಲ್ಲವಲ್ಲ, ಮುಗಿಸಿದ್ದು ಬೇರೆಯವರು, ಅದು ಅವರ ಕೊನೆ ಹೇಗಾದೀತು?" ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಜೋರ್ಡನ್ ಅವರ 'ದಿ ವೀಲ್ ಆಫ್ ಟೈಮ್' ಸರಣಿಯ ಮೊದಲ ಸಂಪುಟ ಬಂದದ್ದು 1990ರಲ್ಲಿ. 2005ರ ಹೊತ್ತಿಗೆ ಹನ್ನೊಂದು ಸಂಪುಟಗಳಾಗಿದ್ದವು. ಮರುವರ್ಷ ತಮಗೆ ಅಮಿಲಾಯ್ಡೋಸಿಸ್ ಎಂಬ ಅಪರೂಪದ ಕಾಯಿಲೆ ಇದೆಯೆಂದು ಅವರು ಓದುಗರಿಗೆ ತಿಳಿಸಿದರು. 2007ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಹಾಸಿಗೆ ಹಿಡಿದ ಮನುಷ್ಯ ಆ ದಿನಗಳಲ್ಲಿ ಮಾಡಿದ್ದೇನು ನೋಡಿ. ಕಥೆ ಹೇಗೆ ಮುಗಿಯಬೇಕೆಂದು ಮನೆಯವರೆದುರು ಬಾಯಿಬಿಟ್ಟು ಹೇಳಿದರು, ಟಿಪ್ಪಣಿಗಳನ್ನು ಬಿಟ್ಟರು, ಕೊನೆಯ ದೃಶ್ಯವನ್ನು ತಾವೇ ಬರೆದಿಟ್ಟರು. ಅವರ ಹೆಂಡತಿ ಹ್ಯಾರಿಯೆಟ್ ಮೆಕ್‌ಡೂಗಲ್ ಈ ಸರಣಿಯ ಸಂಪಾದಕಿಯೂ ಹೌದು. ಗಂಡ ಹೋದ ಕೆಲವೇ ತಿಂಗಳಲ್ಲಿ ಅವರು ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಕಿರಿಯ ಲೇಖಕರನ್ನು ಆರಿಸಿ ಆ ಟಿಪ್ಪಣಿಗಳನ್ನು ಕೈಗಿತ್ತರು. ಒಂದೇ ಎಂದುಕೊಂಡಿದ್ದ ಸಂಪುಟ ಮೂರಾಗಿ 2009, 2010 ಮತ್ತು 2013ರಲ್ಲಿ ಬಂತು.

ಇದು ತೇಪೆ ಹಚ್ಚಿದ ಕೆಲಸವೇ? ಸರಣಿಯ ಪೀಠಿಕೆಯಲ್ಲಿ ಲೂಸ್ ಥೆರಿನ್ ಎಂಬ ವೀರ ಹುಚ್ಚಿನಲ್ಲಿ ತನ್ನ ಹೆಂಡತಿ ಮಕ್ಕಳನ್ನೇ ಕೊಂದಿರುತ್ತಾನೆ. ಬುದ್ಧಿ ತಿಳಿಯಾದಾಗ ಆ ಸಂಕಟ ತಾಳಲಾರದೆ ತನ್ನ ಮೇಲೇ ಶಕ್ತಿಯನ್ನು ಎಳೆದುಕೊಂಡು ಸಾಯುತ್ತಾನೆ, ಅವನು ಸತ್ತ ಜಾಗದಲ್ಲಿ ಬೆಂಕಿಯ ಬೆಟ್ಟವೊಂದು ಏಳುತ್ತದೆ. ಹತ್ತೊಂಬತ್ತು ವರ್ಷಗಳ ನಂತರ, ಸ್ಯಾಂಡರ್ಸನ್ ಕೈ ಹಚ್ಚಿದ ಮೊದಲ ಸಂಪುಟದ ಕೊನೆಯಲ್ಲಿ, ಅದೇ ಆತ್ಮ ಹೊತ್ತು ಮರುಹುಟ್ಟಿದ ಕಥಾನಾಯಕ ರ‍್ಯಾಂಡ್ ಅದೇ ಬೆಟ್ಟದ ನೆತ್ತಿಯಲ್ಲಿ ನಿಂತಿರುತ್ತಾನೆ. ಲೋಕವನ್ನೇ ಸುಟ್ಟುಬಿಡುವಷ್ಟು ಶಕ್ತಿ ಕೈಯಲ್ಲಿ. ಮತ್ತೆ ಮತ್ತೆ ಹುಟ್ಟಿ ಮತ್ತೆ ಮತ್ತೆ ನೋಯುವುದು ಏತಕ್ಕೆ ಎಂಬ ಪ್ರಶ್ನೆಗೆ ಅವನಿಗೆ ಅಲ್ಲಿ ಉತ್ತರ ಸಿಗುತ್ತದೆ: ಪ್ರೀತಿಸಲು ಇನ್ನೊಂದು ಅವಕಾಶಕ್ಕಾಗಿ. ಎಷ್ಟೋ ಕಾಲದ ಮೇಲೆ ಅವನು ನಗುತ್ತಾನೆ. ನಾನು ಆ ಅಧ್ಯಾಯ ಓದಿದ ರಾತ್ರಿ ಎದ್ದು ಹೋಗಿ ಮೊದಲ ಸಂಪುಟದ ಪೀಠಿಕೆಯನ್ನು ಮತ್ತೊಮ್ಮೆ ಓದಿದೆ. ಇಷ್ಟು ದೂರದಲ್ಲಿ ಬಿತ್ತಿ ಇಷ್ಟು ದೂರದಲ್ಲಿ ಕೊಯ್ಯುವುದು ಮುನ್ನೂರು ಪುಟದ ಕಾದಂಬರಿಗೆ ಸಾಧ್ಯವಿಲ್ಲ. ಪ್ರತಿ ಸಂಪುಟದ ಮೊದಲ ಅಧ್ಯಾಯವೂ ಬೀಸುವ ಗಾಳಿಯಿಂದ ಶುರುವಾಗುತ್ತದೆ. ಹದಿನಾಲ್ಕನೆಯದರ ಕಟ್ಟಕಡೆಯ ಸಾಲುಗಳಿಗೂ ಅದೇ ಗಾಳಿ ಮರಳಿ ಬರುತ್ತದೆ.

ಕೊರತೆ ಇಲ್ಲವೆನ್ನುವುದಿಲ್ಲ. ಮೊದಲ ಸಂಪುಟದಿಂದ ನಾಯಕನನ್ನು ಬೆನ್ನಟ್ಟಿ ಬಂದ ಖಳ ಪಾಡಾನ್ ಫೇನ್‌ನನ್ನು ಕೊನೆಯಲ್ಲಿ ಅವಸರದಲ್ಲಿ ಮುಗಿಸಿದ್ದು ತಪ್ಪು. ಮ್ಯಾಟ್‌ನ (ನಾಯಕನ ಗೆಳೆಯ) ಪಾತ್ರ ಮೊದಮೊದಲು ತಮ್ಮ ಕೈಗೆ ಒಗ್ಗಲಿಲ್ಲವೆಂದು ಸ್ಯಾಂಡರ್ಸನ್ ಅವರೇ ಒಪ್ಪಿಕೊಂಡಿದ್ದಾರೆ. ಆದರೆ ಬೇರೆಯವರು ಮುಗಿಸಿದರೆ ಕೃತಿ ಕೆಟ್ಟಿತು ಎಂಬ ಮಾತನ್ನು ಕನ್ನಡ ಓದುಗರು ಆಡಬಾರದು. ನಮ್ಮ ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ ನಿಂತಿತು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಬಾಣನ 'ಕಾದಂಬರಿ'ಯನ್ನು ಮುಗಿಸಿದವನು ಅವನ ಮಗ. ಹಿರಿಯರ ಕೆಲಸವನ್ನು ಕೈಗೆತ್ತಿಕೊಂಡವರನ್ನು ನಾವು ಗೌರವದಿಂದಲೇ ಕಂಡಿದ್ದೇವೆ.

"ಯೋಜನೆಯೇ ಇಲ್ಲದೆ ಬರೆಯುತ್ತಾರೆ, ಮಾರಾಟಕ್ಕಾಗಿ ಎಳೆಯುತ್ತಾರೆ" ಎನ್ನುವವರಿಗೆ ಅರ್ಧ ಒಪ್ಪಿಗೆ. 2003ರಲ್ಲಿ ಬಂದ ಜೋರ್ಡನ್ ಅವರ ಹತ್ತನೆಯ ಸಂಪುಟದಲ್ಲಿ ಕಥೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ, ಓದಿ ಮುಗಿಸಲು ನಾನೂ ಹೆಣಗಿದ್ದೇನೆ. ಆದರೆ ನಡುವೆ ಎಳೆಯುವುದು ಬೇರೆ, ಕೊನೆ ಕೆಡುವುದು ಬೇರೆ. ಯೋಜನೆ ಇಲ್ಲದಿದ್ದರೆ ಕೊನೆ ಕೆಡಲೇಬೇಕೆಂದೂ ಇಲ್ಲ. ಬ್ರೀ ಎಂಬ ಊರಿನ ತಂಗುಮನೆಯ ಮೂಲೆಯಲ್ಲಿ ಕೂತ ಸ್ಟ್ರೈಡರ್ ಯಾರೆಂಬುದು 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆಯುವಾಗ ತಮಗೇ ತಿಳಿದಿರಲಿಲ್ಲವೆಂದು ಟೋಲ್ಕಿನ್ ಪತ್ರವೊಂದರಲ್ಲಿ ಹೇಳಿದ್ದಾರೆ. ಆ ಅಪರಿಚಿತನೇ ಕೊನೆಗೆ ಪಟ್ಟವೇರುವ ಅರಸ.

ಟೋಲ್ಕಿನ್ ಹೆಸರು ಬಂದರೆ ಮತ್ತೊಂದು ದೂರು ಜೊತೆಗೇ ಬರುತ್ತದೆ: ಗೆದ್ದಾದ ಮೇಲೂ ಕಥೆ ಮುಗಿಯುವುದಿಲ್ಲ ಎಂದು. ಹೌದು, 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ದುಷ್ಟಶಕ್ತಿಯ ಉಂಗುರ ನಾಶವಾದ ಮೇಲೆ ಇನ್ನೂ ಆರು ಅಧ್ಯಾಯಗಳಿವೆ. ಆ ಆರು ಇಲ್ಲದಿದ್ದರೆ ಪುಸ್ತಕ ಬರೀ ಸಾಹಸಕಥೆಯಾಗುತ್ತಿತ್ತು. ಗೆದ್ದು ಊರಿಗೆ ಬಂದವರ ಕಣ್ಣೆದುರು ಮರಗಳು ಕಡಿದು ಬಿದ್ದಿವೆ, ಮನೆಗಳು ಹಾಳಾಗಿವೆ, ನೆರೆಯವರು ಹೆದರಿ ಬದುಕುತ್ತಿದ್ದಾರೆ. ದೂರದ ವೈರಿಯನ್ನು ಸೋಲಿಸಲು ಹೋದವರು ತಮ್ಮ ಊರನ್ನು ತಾವೇ ಬಿಡಿಸಿಕೊಳ್ಳಬೇಕಾಗುತ್ತದೆ. ಪೀಟರ್ ಜಾಕ್ಸನ್ ತಮ್ಮ 2003ರ ಚಿತ್ರದಲ್ಲಿ ಈ ಭಾಗವನ್ನು ಬಿಟ್ಟರು. ಸಿನಿಮಾ ನೋಡಿದವರಿಗೆ ಕೊನೆ ಎಳೆದಂತೆ ಕಂಡದ್ದು ಅದರ ತಿರುಳನ್ನೇ ಕಿತ್ತದ್ದರಿಂದ. ಮೊದಲನೇ ಮಹಾಯುದ್ಧದ ಕಂದಕಗಳಿಂದ ಮರಳಿದ್ದ ಟೋಲ್ಕಿನ್‌ಗೆ ಗೆಲುವಿನ ಮರುದಿನ ಹೇಗಿರುತ್ತದೆಂದು ಗೊತ್ತಿತ್ತು. ಉಂಗುರ ಹೊತ್ತೊಯ್ದ ಫ್ರೋಡೋನ ಹಳೆಯ ಗಾಯ ವರ್ಷ ವರ್ಷವೂ ಅದೇ ದಿನಕ್ಕೆ ನೋಯುತ್ತದೆ, ತಾನು ಉಳಿಸಿದ ಊರಿನಲ್ಲಿ ಅವನಿಗೇ ಇರಲಾಗುವುದಿಲ್ಲ. ಇದು ಅತಿಯಾಯಿತು ಎನ್ನುವವರು ವ್ಯಾಸಭಾರತವನ್ನು ನೆನೆಯಲಿ. ಅಲ್ಲಿ ದುರ್ಯೋಧನ ತೊಡೆ ಮುರಿದು ಬೀಳುವುದು ಒಂಬತ್ತನೆಯ ಪರ್ವದಲ್ಲಿ. ಆಮೇಲೆ ಇನ್ನೂ ಒಂಬತ್ತು ಪರ್ವಗಳಿವೆ: ಹೆಂಗಸರ ಅಳು, ಧರ್ಮರಾಯನ ಪಶ್ಚಾತ್ತಾಪ, ಯಾದವರ ನಾಶ, ಹಿಮಾಲಯದ ದಾರಿ.

ಸ್ಟೀಫನ್ ಕಿಂಗ್ 'ದಿ ಡಾರ್ಕ್ ಟವರ್'ನಲ್ಲಿ ಓದುಗರಿಗೆ ಮೋಸ ಮಾಡಿದರು ಎಂಬುದಕ್ಕೆ ಉದ್ದ ಉತ್ತರ ಬೇಕಿಲ್ಲ. ಸಾಕು, ಇಲ್ಲಿಗೇ ಪುಸ್ತಕ ಮುಚ್ಚಿ ಎಂದು ಅವರು ಮುಂಚೆಯೇ ಎಚ್ಚರಿಸುತ್ತಾರೆ. ಮುಂದೆ ಓದಿದವರಿಗೆ ನಾಯಕ ರೋಲಂಡ್ ಮೊದಲ ಸಂಪುಟದ ಮರುಭೂಮಿಗೇ ಮರಳುವುದು ಕಾಣುತ್ತದೆ. ಆದರೆ ಈ ಸಲ ಅವನ ಬಳಿ ಹಿಂದೆ ಕಳೆದುಕೊಂಡಿದ್ದ ಕೊಂಬಿದೆ. ನನಗೆ ಆ ಕೊಂಬೇ ಸಾಕಾಯಿತು.

ಕೊನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಶಪಥ: ಪೂರ್ತಿ ಆಗುವ ತನಕ ಯಾವ ಸರಣಿಯನ್ನೂ ಮುಟ್ಟುವುದಿಲ್ಲ. ಈ ಶಪಥ ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚುತ್ತದೆ. ಮಾರ್ಟಿನ್‌ಗೆ ಇದರಿಂದ ಏನೂ ಆಗದು. ಪೆಟ್ಟು ಬೀಳುವುದು ಈಗಷ್ಟೇ ಮೊದಲ ಸಂಪುಟ ತಂದ, ಹೆಸರಿಲ್ಲದ ಲೇಖಕರಿಗೆ. ಮೊದಲ ಸಂಪುಟ ಮಾರಾಟವಾಗದಿದ್ದರೆ ಪ್ರಕಾಶಕರು ಮೂರನೆಯದನ್ನು ಕೇಳುವುದಿಲ್ಲ. ಮುಗಿಯಲಿ ಎಂದು ಕಾಯುವವರೇ ಮುಗಿಯದಂತೆ ಮಾಡಿದಂತಾಗುತ್ತದೆ. ನಿಮಗೆ ಹಿಡಿಸಿದ ಹೊಸ ಲೇಖಕರ ಮೊದಲ ಸಂಪುಟವನ್ನು ಇವತ್ತೇ ಕೊಂಡು ಓದಿ.