ಕಿವಿಯ ನೋವು, ದವಡೆಯ ದೂರು

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ನೆರೆಯ ತ್ಯಾಗರಾಜನಗರದ ಗೃಹಸ್ಥರೊಬ್ಬರು ಚೀಲ ತುಂಬ ಕಾಯಿ ತಂದು ವಾರವೆಲ್ಲ ಮೆದ್ದರು. ವಾರ ಕಳೆಯುವಷ್ಟರಲ್ಲಿ ಬಲಗಿವಿಯಲ್ಲಿ ನೋವು ಹುಟ್ಟಿತು. ಕಿವಿ ಗುಂಯ್‌ಗುಟ್ಟಿತು, ಮುಚ್ಚಿಕೊಂಡಂತೆಯೂ ಆಯಿತು. ಮನೆಯಾಕೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟರು. ನೋವು ಜಗ್ಗಲಿಲ್ಲ.

ವೈದ್ಯರು ಬೆಳಕು ಹಾಯಿಸಿ ನೋಡಿದರು. ಕೀವಿಲ್ಲ, ಕಿವಿಯ ತಮಟೆ ಸ್ವಚ್ಛವಾಗಿದೆ.

“ರಾತ್ರಿ ಹಲ್ಲು ಕಡಿಯುವ ಅಭ್ಯಾಸವುಂಟೋ?”

“ಮಗಳ ಮದುವೆ ನಿಶ್ಚಯವಾದಂದಿನಿಂದ ದಿನವೂ ಉಂಟು, ಡಾಕ್ಟರೆ” ಎಂದು ಉತ್ತರವಿತ್ತವರು ಮನೆಯಾಕೆ.

ವಾಚಕರು ತೋರುಬೆರಳನ್ನು ಕಿವಿಯ ರಂಧ್ರದ ಮುಂಭಾಗಕ್ಕೆ ಒತ್ತಿ ಒಮ್ಮೆ ಬಾಯಿ ತೆರೆದು ಮುಚ್ಚಲಿ. ಬೆರಳ ಕೆಳಗೆ ಸರಿದಾಡುವುದೇ ದವಡೆಯ ಕೀಲು. ಕಿವಿಗೂ ಅದಕ್ಕೂ ನಡುವೆ ಇರುವುದು ತೆಳುವಾದ ಒಂದು ಗೋಡೆ ಮಾತ್ರ. ನೆರೆಹೊರೆ ಇಷ್ಟಕ್ಕೇ ಮುಗಿಯದು. ಮುಖಕ್ಕೆ ಸ್ಪರ್ಶಜ್ಞಾನ ನೀಡುವ ಮೂರು ಕವಲಿನ ನರದ ಒಂದು ಎಳೆಯೇ ಈ ಕೀಲಿಗೂ ಹೋಗುತ್ತದೆ, ಕಿವಿಯ ಒಂದು ಭಾಗಕ್ಕೂ ಹೋಗುತ್ತದೆ. ಹಗಲಿರುಳು ಬಿಗಿಹಿಡಿದ ದವಡೆ ದೂರು ಕೊಟ್ಟಾಗ, ಅದು ಯಾವ ಮನೆಯಿಂದ ಬಂದಿತೆಂದು ಮಿದುಳಿಗೇ ಗೊಂದಲ!

1934ರಲ್ಲಿ ಅಮೆರಿಕದ ಕಿವಿವೈದ್ಯ ಜೇಮ್ಸ್ ಕಾಸ್ಟನ್ ಈ ನಂಟನ್ನು ವಿವರಿಸಿ ಬರೆದರು. ದವಡೆಹಲ್ಲು ಉದುರಿ ಕೀಲು ಹಿಂದೆ ಸರಿದು ನರವನ್ನು ಒತ್ತುವುದೇ ಕಾರಣವೆಂದು ಅವರ ವಾದ. ಆ ವಾದವನ್ನು ಅನಂತರದ ಶರೀರಶಾಸ್ತ್ರಜ್ಞರು ಒಪ್ಪಲಿಲ್ಲ. ಅವರು ಕಂಡ ಲಕ್ಷಣಗಳು ಮಾತ್ರ ಸುಳ್ಳಾಗಲಿಲ್ಲ. ಸ್ನಾಯುಗಳ ಬಿಗಿತ, ಹಲ್ಲು ಕಡಿತ, ಮನಸ್ಸಿನ ಚಿಂತೆ ಇವೆಲ್ಲ ಕೂಡಿ ಕೆಲಸ ಮಾಡುತ್ತವೆಂಬುದು ಇಂದಿನ ತಿಳಿವು. ಆದುದರಿಂದ ಹಲ್ಲುಗಳನ್ನು ಅರೆಯಿಸಿ ಸಮ ಮಾಡಿಸಲು ಅವಸರಪಡಬೇಕಾಗಿಲ್ಲ. ಕೆಲವು ವಾರ ಮೆತ್ತಗಿನ ಆಹಾರ, ಕೆನ್ನೆಗೆ ಬಿಸಿಬಟ್ಟೆಯ ಶಾಖ, ತುಟಿ ಮುಚ್ಚಿದ್ದರೂ ಹಲ್ಲಿಗೆ ಹಲ್ಲು ತಾಗದಂತಿರುವ ಅಭ್ಯಾಸ: ಬಹುಮಂದಿಗೆ ಇಷ್ಟೇ ಸಾಕು. ಆಕಳಿಸುವಾಗ ಗದ್ದಕ್ಕೆ ಕೈ ಆಸರೆ ಕೊಡುವುದೂ ಒಳ್ಳೆಯದೇ.

ಆದರೆ ಕಿವಿ ಸೋರಿದರೆ, ಜ್ವರ ಬಂದರೆ, ಕೇಳುವುದು ಕುಂದಿದರೆ ದವಡೆಯ ಮೇಲೆ ಹೊರೆ ಹೊರಿಸಿ ಕೂರಬಾರದು. ತಮಟೆ ತೂತಾಗಿದ್ದರೆ ಎಣ್ಣೆಯಿಂದ ಕೇಡೇ ಹೆಚ್ಚು. ಇನ್ನೊಂದು ಮಾತು, ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವವರಿಗೆ: ಕಿವಿ ಸ್ವಚ್ಛವಿದ್ದೂ ಒಂದೇ ಪಕ್ಕದ ನೋವು ವಾರಗಟ್ಟಲೆ ಬಿಡದಿದ್ದರೆ, ಅದು ನಾಲಗೆಯ ಬುಡದ ಅಥವಾ ಗಂಟಲಿನ ಅರ್ಬುದದ ಮೊದಲ ಸೂಚನೆಯೂ ಆಗಿರಬಹುದು. ಗಂಟಲನ್ನು ತೋರಿಸಲೇಬೇಕು.

ನಮ್ಮ ಗೃಹಸ್ಥರಿಗೆ ಮೂರು ವಾರ ಮೆದುವಾದ ಅನ್ನ, ಸಾರು ವಿಧಿಸಲಾಯಿತು. ಉಳಿದ ಕಡಲೆಕಾಯಿ ಪಕ್ಕದ ಮನೆಯ ಹುಡುಗರ ಪಾಲಾಯಿತು.