ಅವಳ ಬೀರುವಿನ ಮೇಲೇ ಎಲ್ಲರಿಗೂ ಯಾಕೆ ಕಣ್ಣು?

ಮನೆಯಲ್ಲಿ ಜಾಗ ಸಾಲುತ್ತಿಲ್ಲ ಎಂಬ ಮಾತು ಬಂದಾಗ ಮೊದಲು ಎಲ್ಲರ ಕಣ್ಣು ಹೋಗುವುದು ಹೆಂಗಸಿನ ಬೀರುವಿನ ಮೇಲೆ. ಅಟ್ಟದ ಮೇಲೆ ಕೆಟ್ಟುಹೋದ ಮಿಕ್ಸರ್ ಇರುತ್ತದೆ, ಮಂಚದ ಕೆಳಗೆ ಯಾವ ಮೊಬೈಲಿಗೂ ಹೊಂದದ ಚಾರ್ಜರುಗಳ ಗಂಟು ಇರುತ್ತದೆ, ಗಂಡನ ಇಪ್ಪತ್ತು ವರ್ಷದ ಪಾಸ್‌ಬುಕ್ಕುಗಳಿರುತ್ತವೆ. ಅವೆಲ್ಲ 'ಮುಂದೆ ಬೇಕಾದೀತು' ಎಂಬ ಲೆಕ್ಕದಲ್ಲಿ ಪಾರಾಗುತ್ತವೆ. ಅವಳ ಸೀರೆಗಳು ಮಾತ್ರ 'ಸುಮ್ಮನೆ ಇಟ್ಟುಕೊಂಡಿರೋದು'. ಅವುಗಳನ್ನು ಬಿಡಲಾರದಿದ್ದರೆ ಅವಳಿಗೆ ವ್ಯಾಮೋಹ, ಹಿಡಿಸಿಕೊಂಡ ಮನಸ್ಸು, ಹಳೇ ಕಾಲದ ಬುದ್ಧಿ.

ಈ ಹಳೆಯ ಗೊಣಗಾಟಕ್ಕೆ ಹತ್ತು ವರ್ಷದಿಂದೀಚೆಗೆ ಒಂದು ಶಾಸ್ತ್ರದ ಬೆಂಬಲವೂ ಸಿಕ್ಕಿದೆ. ಜಪಾನಿನ ಮಾರಿ ಕೊಂಡೊ ಅವರ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂತು, 2019ರಲ್ಲಿ ಅವರ ಕಾರ್ಯಕ್ರಮ ನೆಟ್‌ಫ್ಲಿಕ್ಸ್‌ಗೆ ಬಂತು. ಅಲ್ಲಿಂದ ಮುಂದೆ ಬೀರು ಖಾಲಿ ಮಾಡುವುದೇ ಒಂದು ಸಾಧನೆಯಾಯಿತು. ಎಲ್ಲ ಬಟ್ಟೆಯನ್ನೂ ಹೊರಗೆ ತೆಗೆದು ರಾಶಿ ಹಾಕಿ, ಒಂದೊಂದನ್ನೇ ಕೈಯಲ್ಲಿ ಹಿಡಿಯಿರಿ, ಇದು ಖುಷಿ ಕೊಡುತ್ತದೆಯೇ ಎಂದು ಕೇಳಿಕೊಳ್ಳಿ, ಇಲ್ಲವಾದರೆ ಧನ್ಯವಾದ ಹೇಳಿ ಬಿಟ್ಟುಬಿಡಿ. ಈ ಪದ್ಧತಿಗೆ ಒಂದು ಕ್ರಮವಿದೆ. ಬಟ್ಟೆ ಮೊದಲು, ಏಕೆಂದರೆ ಅದು ಸುಲಭ. ನೆನಪಿನ ವಸ್ತುಗಳು ಕಟ್ಟಕಡೆಗೆ, ಏಕೆಂದರೆ ಅವು ಕಷ್ಟ. ಈ ಕ್ರಮ ಕನ್ನಡದ ಹೆಣ್ಣುಮಗಳೊಬ್ಬಳ ಬೀರುವಿಗೆ ಬಂದ ಕೂಡಲೇ ಮುರಿದುಬೀಳುತ್ತದೆ. ಅವಳಿಗೆ ಬಟ್ಟೆಯೇ ನೆನಪಿನ ವಸ್ತು. ಕಟ್ಟಕಡೆಗೆ ಮಾಡಬೇಕಾದ ಕಷ್ಟದ ಕೆಲಸವನ್ನು ಮೊದಲ ದಿನವೇ, ಅದೂ ಒಂದು ಭಾನುವಾರ ಮಧ್ಯಾಹ್ನದೊಳಗೆ ಮುಗಿಸು ಎಂದು ಹೇಳಿ, ಅವಳು ಸೀರೆ ಹಿಡಿದು ಕೂತುಬಿಟ್ಟರೆ ನಗುವುದು ಅನ್ಯಾಯ.

ಬೀರುವಿನಲ್ಲಿ ಏನಿದೆ ಎಂದು ನೋಡಬೇಕು. ಧಾರೆ ಸೀರೆ ಇದೆ. ಸೀಮಂತದ ಹಸಿರು ಸೀರೆ ಇದೆ. ತವರಿನಲ್ಲಿ ಉಡಿ ತುಂಬಿದಾಗ ಕೊಟ್ಟ ಇಳಕಲ್ ಇದೆ. ತಮ್ಮನ ಮದುವೆಯಲ್ಲಿ ಬಂದದ್ದು, ನಾದಿನಿಯ ಗೃಹಪ್ರವೇಶದಲ್ಲಿ ಬಂದದ್ದು, ಅತ್ತೆ ಆರಿಸಿದ ಇಷ್ಟವಿಲ್ಲದ ಬಣ್ಣದ್ದು. ಇವುಗಳಲ್ಲಿ ಅರ್ಧದಷ್ಟು ಖುಷಿ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಅದು ಕೊಟ್ಟು ತಂದುಕೊಂಡದ್ದರ ಲೆಕ್ಕದ ಪುಸ್ತಕ. ಯಾರು ಬಂದಿದ್ದರು, ಯಾರು ಮರೆತರು, ಯಾರಿಗೆ ಹಿಂದಿರುಗಿ ಏನು ಕೊಡಬೇಕು ಎಂಬುದೆಲ್ಲ ಅಲ್ಲಿದೆ. ಮುಂಬೈಯ ಒಂದು ಕೋಣೆಯ ಮನೆಯಲ್ಲೋ ದೆಹಲಿಯ ಸರ್ಕಾರಿ ಕ್ವಾರ್ಟರ್ಸಿನಲ್ಲೋ ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಊರಿನ ಮನೆ ಎಂದೋ ಮಾರಾಟವಾಗಿರುತ್ತದೆ, ಅಪ್ಪ ಅಮ್ಮ ಇರುವುದಿಲ್ಲ. ತವರು ಎಂಬುದು ಉಳಿದಿರುವುದು ಆ ನಾಲ್ಕು ಸೀರೆಗಳ ಮಡಿಕೆಯಲ್ಲಿ ಮಾತ್ರ.

ಅವಳಿಗೆ ದಾಟಿಸುವುದು ಗೊತ್ತಿಲ್ಲ ಎಂಬುದೂ ಸುಳ್ಳು. ಅರಿಶಿನ ಕುಂಕುಮಕ್ಕೆ ಬಂದ ರವಿಕೆ ಕಣ ಎಷ್ಟು ಮನೆ ತಿರುಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಒಮ್ಮೊಮ್ಮೆ ಅದು ಹೊರಟ ಮನೆಗೇ ವಾಪಸು ಬಂದು ನಗೆ ಹುಟ್ಟಿಸುತ್ತದೆ. ಯಾವುದು ತಿರುಗಬೇಕು, ಯಾವುದು ನಿಲ್ಲಬೇಕು ಎಂಬ ವಿವೇಚನೆಯನ್ನು ಹೆಂಗಸರು ಯಾವ ಪುಸ್ತಕದ ಸಹಾಯವೂ ಇಲ್ಲದೆ ನಡೆಸಿಕೊಂಡು ಬಂದಿದ್ದಾರೆ.

ಇದರ ಕೆಳಗೆ ಆಸ್ತಿಯ ಪ್ರಶ್ನೆ ಇದೆ. ಹೊಲ ಗಂಡಸಿನ ಹೆಸರಲ್ಲಿ, ಮನೆ ಗಂಡಸಿನ ಹೆಸರಲ್ಲಿ, ಬ್ಯಾಂಕಿನ ಖಾತೆಯೂ ಅವನದೇ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನ ಸಮನಾದ ಹಕ್ಕು ಕೊಡುವಂತೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ದೇಶಾದ್ಯಂತ ತಿದ್ದುಪಡಿಯಾದದ್ದು 2005ರಲ್ಲಿ. ಅಲ್ಲಿಯವರೆಗೆ ಅವಳದು ಎನ್ನಬಹುದಾಗಿದ್ದದ್ದು ಒಡವೆ, ಪಾತ್ರೆ, ಸೀರೆ. ಕಷ್ಟಕಾಲದಲ್ಲಿ ಒಡವೆ ಅಡವಿಗೆ ಹೋಗುತ್ತಿತ್ತು, ಸೀರೆ ಉಳಿಯುತ್ತಿತ್ತು. ಒಡವೆ, ಬಟ್ಟೆಬರೆಗಳನ್ನು ಗಂಡನ ಮನೆಯವರು ಹಿಂದಿರುಗಿಸದೆ ಇಟ್ಟುಕೊಂಡ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿದ್ದೂ ಇದನ್ನೇ: ಸ್ತ್ರೀಧನ ಸಂಪೂರ್ಣವಾಗಿ ಹೆಂಗಸಿನದು, ಅದನ್ನು ಕಾಯ್ದಿಟ್ಟ ಮಾತ್ರಕ್ಕೆ ಗಂಡ ಅದರ ಒಡೆಯನಾಗುವುದಿಲ್ಲ. ಸೀರೆಯ ಕಪಾಟಿನ ಬೀಗದ ಕೈ ಅವಳ ಸೊಂಟದಲ್ಲಿ ಇದ್ದದ್ದಕ್ಕೆ ಕಾರಣವಿದೆ. ಇಡೀ ಮನೆಯಲ್ಲಿ ಅವಳ ಅಪ್ಪಣೆ ಬೇಕಾಗುತ್ತಿದ್ದ ಬಾಗಿಲು ಅದೊಂದೇ.

ಆ ಬಾಗಿಲನ್ನೂ ಬೇರೆಯವರು ತೆರೆದ ಚರಿತ್ರೆ ಇದೆ. ಗಂಡ ಸತ್ತ ಮೇಲೆ ಹೆಂಗಸಿನ ಬಣ್ಣದ ಸೀರೆಗಳನ್ನೆಲ್ಲ ಎತ್ತಿ, ತಲೆ ಬೋಳಿಸಿ, ಒಂದು ಕೆಂಪು ಸೀರೆ ಉಡಿಸಿ ಮೂಲೆಗೆ ಕೂರಿಸಿದ ಮನೆಗಳು ಕರ್ನಾಟಕದಲ್ಲಿ ಎಷ್ಟೋ ಇದ್ದವು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಅಂಥ ಬದುಕಿನ ಕಥೆ. ಇವತ್ತು ತಲೆ ಬೋಳಿಸುವವರಿಲ್ಲ. ಆದರೆ ಗಂಡ ಹೋದ ಮೇಲೆ 'ಇನ್ನು ಈ ಜರಿ ಸೀರೆಗಳು ನಿಮಗ್ಯಾಕೆ ಅತ್ತೆ' ಎಂದು ಮೆಲ್ಲಗೆ ಕೇಳುವವರು ಇದ್ದಾರೆ. ಹಗುರಾಗುವುದರ ಹೆಸರಿನಲ್ಲಿ ಬೀರು ಖಾಲಿ ಮಾಡಿಸಲು ಹೊರಟವರು ಈ ಚರಿತ್ರೆಯನ್ನು ಒಮ್ಮೆ ನೆನೆಯಬೇಕು.

ಇನ್ನು ಎರಡು ಪ್ರಸಿದ್ಧ ನಿಯಮಗಳು. ಒಂದು ವರ್ಷ ಉಡದಿದ್ದರೆ ತೆಗೆದುಬಿಡಿ ಎನ್ನುವುದು ಒಂದು. ರೇಷ್ಮೆ ಸೀರೆ ಇರುವುದೇ ವರ್ಷಕ್ಕೊಂದೆರಡು ಬಾರಿ ಉಡುವುದಕ್ಕೆ. ಆ ಲೆಕ್ಕದಲ್ಲಿ ದೀಪಾವಳಿಯ ಹಣತೆಗಳನ್ನೂ ಎಸೆಯಬೇಕಾಗುತ್ತದೆ. ಮೈಗೆ ಆಗದ್ದನ್ನು ಬಿಡಿ ಎನ್ನುವುದು ಇನ್ನೊಂದು. ಇದು ಸಿದ್ಧ ಉಡುಪಿನ ಲೋಕದ ಮಾತು. ಸೀರೆಗೆ ಅಳತೆಯೇ ಇಲ್ಲ, ಹದಿನೆಂಟರ ಮೈಗೂ ಅರವತ್ತರ ಮೈಗೂ ಅದೇ ಸೀರೆ. ಅಳತೆ ಇರುವ ರವಿಕೆಗೂ ಊರಿನ ಟೈಲರು ಪಕ್ಕದಲ್ಲಿ ಬಟ್ಟೆ ಬಿಟ್ಟು ಎರಡು ಮೂರು ಸಾಲು ಹೊಲಿಗೆ ಹಾಕುತ್ತಿದ್ದ. ಹೆರಿಗೆಯಾಯಿತೋ ಒಂದು ಸಾಲು ಬಿಚ್ಚು, ವಯಸ್ಸಾಯಿತೋ ಇನ್ನೊಂದು. ಮೈ ಬದಲಾಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಹೊಲಿದ ಬಟ್ಟೆ ಅದು. ಹೊಲಿಗೆಯಲ್ಲಿ ಆ ಉದಾರತೆ ಹೋದ ಮೇಲೆ ತಪ್ಪು ಹೆಂಗಸಿನ ಮೈಯ ಮೇಲೆ ಬಂತು. ಬೀರು ತೆರೆದಾಗ ಆಗುವ ಸಂಕಟದಲ್ಲಿ ಒಂದು ಪಾಲು ಈ ಅವಮಾನದ್ದು.

ಇನ್ನೊಂದು ಪಾಲು ಕೆಲಸ ಬಿಟ್ಟವಳದು. ಮಗುವಿಗಾಗಿಯೋ ಗಂಡನ ವರ್ಗಾವಣೆಗಾಗಿಯೋ ನೌಕರಿ ಬಿಟ್ಟವಳ ಬೀರುವಿನಲ್ಲಿ ಇಸ್ತ್ರಿ ಮಾಡಿಟ್ಟ ಹತ್ತು ಕಾಟನ್ ಕುರ್ತಾಗಳು ನೇತಾಡುತ್ತಿರುತ್ತವೆ. ಅವನ್ನು ಕೊಟ್ಟುಬಿಡುವುದೆಂದರೆ ಇನ್ನು ವಾಪಸು ಹೋಗುವುದಿಲ್ಲ ಎಂದು ಒಪ್ಪಿದಂತೆ. 'ಯಾವಾಗಲೂ ಹಾಕಲ್ಲ, ಜಾಗ ತಿನ್ನುತ್ತೆ' ಎನ್ನುವವರು ಅವಳು ಯಾಕೆ ಹಾಕುವುದಿಲ್ಲ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕಿತ್ತು.

ಬಟ್ಟೆ ಬಿಡುವುದು ಹೆಂಗಸರಿಗೆ ಯಾವತ್ತೂ ಅಸಾಧ್ಯವಾಗಿರಲಿಲ್ಲ, ಬಿಡುವುದಕ್ಕೆ ದಾರಿಗಳಿದ್ದವು. ಮೆತ್ತಗಾದ ಕಾಟನ್ ಸೀರೆ ಬಾಣಂತಿ ಕೋಣೆಗೆ ಹೋಗುತ್ತಿತ್ತು, ತೊಟ್ಟಿಲಿಗೆ ಹೋಗುತ್ತಿತ್ತು, ಕೊನೆಗೆ ಒಲೆಯ ಪಕ್ಕದ ಮಸಿಬಟ್ಟೆಯಾಗುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಅಜ್ಜಿಯ ಸೀರೆಗಳು ಕೌದಿಯಾಗಿ ಮೊಮ್ಮಕ್ಕಳ ಮೈಮೇಲೆ ಬರುತ್ತಿದ್ದವು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿಯ ನಾಲ್ಕು ಮೂಲೆಗೂ ಹೂವಿನಂತೆ ಮಡಿಚಿದ ಬಟ್ಟೆ ಕೂರಿಸದೆ ಕೆಲಸ ಮುಗಿಸುವುದಿಲ್ಲ. ಮುಂಬೈ, ಪುಣೆಗಳಲ್ಲಿ ಬೋಹಾರೀಣ್ ಸ್ಟೀಲ್ ಪಾತ್ರೆಗಳ ಬುಟ್ಟಿ ಹೊತ್ತು ಬಾಗಿಲಿಗೆ ಬರುತ್ತಿದ್ದಳು, ನಾಲ್ಕು ಹಳೆ ಸೀರೆಗೆ ಒಂದು ಡಬ್ಬಿ ಎಂದು ಚೌಕಾಸಿ ನಡೆಯುತ್ತಿತ್ತು. ದೆಹಲಿಯ ರಘುಬೀರ್ ನಗರದಲ್ಲಿ ಹಾಗೆ ಬಂದ ಬಟ್ಟೆಗಳ ಸಂತೆ ಬೆಳಗಾಗುವ ಮೊದಲೇ ಸೇರುತ್ತದೆ. ಈ ದಾರಿಗಳಲ್ಲಿ ಹೋದ ಬಟ್ಟೆ ಇನ್ನೊಬ್ಬರ ಕೈ ಸೇರುತ್ತದೆ ಎಂಬುದು ಕೊಡುವವಳಿಗೆ ಗೊತ್ತಿರುತ್ತಿತ್ತು. ಈಗ ಗೇಟಿನ ಕಾವಲುಗಾರ ಬೋಹಾರೀಣಳನ್ನು ಒಳಗೆ ಬಿಡುವುದಿಲ್ಲ, ಪಾಲಿಯೆಸ್ಟರ್ ಬಟ್ಟೆ ಕೌದಿಗೂ ಆಗದು, ಮಸಿಬಟ್ಟೆಗೂ ಆಗದು. ದಾರಿ ಮುಚ್ಚಿದ ಮೇಲೆ ಕಪ್ಪು ಚೀಲಕ್ಕೆ ತುಂಬಿ ಹೊರಗಿಡು ಎಂದರೆ ಅವಳ ಕೈ ಹಿಂಜರಿಯುವುದು ಸಹಜ. ಅದು ವ್ಯಾಮೋಹವಲ್ಲ, ವಸ್ತುವಿನ ಬಗೆಗಿನ ಮರ್ಯಾದೆ.

ಹಾಗೆಂದು ತುಂಬಿ ಬಾಗಿಲು ಮುಚ್ಚದ ಬೀರುಗಳೆಲ್ಲ ಪವಿತ್ರವೇನಲ್ಲ. ರಿಯಾಯಿತಿ ಕಂಡಾಗಲೆಲ್ಲ ಕೊಂಡು, ಬೆಲೆಯ ಚೀಟಿಯನ್ನೂ ತೆಗೆಯದೆ ಒಳಗೆ ತಳ್ಳಿದ ಬಟ್ಟೆಗೆ ಯಾವ ನೆನಪೂ ಇಲ್ಲ, ಅದು ಹೊರಡಲಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಬಿದ್ದ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಪ್ರೀತಿಯಿಂದ ಇಟ್ಟದ್ದನ್ನು ಪ್ರೀತಿಯಿಂದ ತೆಗೆದು ಮಡಿಕೆ ಬದಲಿಸಲೂ ಬೇಕು. ತಾನು ಹೋದ ಮೇಲೆ ಇನ್ನೂರು ಸೀರೆಗಳ ನಿರ್ಧಾರವನ್ನು ಮಗಳ ತಲೆಗೆ ಕಟ್ಟುವುದು ಒಳ್ಳೆಯದಲ್ಲ ಎಂಬ ಮಾತನ್ನೂ ಒಪ್ಪಬೇಕು. ಆದರೆ ಆ ಮಾತು ಅವಳ ಬಾಯಲ್ಲಿ ಬರಬೇಕು, ಅವಳ ಹೊತ್ತಿಗೆ ಬರಬೇಕು.

ಸಹಾಯ ಮಾಡಬೇಕೆನ್ನುವ ಮನೆಯವರು ಕೆಲಸವನ್ನು ಚಾರ್ಜರುಗಳ ಗಂಟಿನಿಂದ ಶುರು ಮಾಡಲಿ. ಬೀರುವಿನ ಸರದಿ ಬಂದಾಗ 'ಇದು ಬೇಕಾ' ಎಂದು ಕೇಳುವುದನ್ನು ಬಿಟ್ಟು 'ಇದು ಯಾರು ಕೊಟ್ಟಿದ್ದು, ಯಾರಿಗೆ ಹೋಗಬೇಕು' ಎಂದು ಕೇಳಲಿ. ಉತ್ತರ ಉದ್ದವಾಗಿದ್ದರೆ ಕೂತು ಕೇಳಲಿ, ಬರೆದುಕೊಳ್ಳಲಿ. ತೀರಿಹೋದ ಅಮ್ಮನ ಸೀರೆಗಳಾದರೆ ಹದಿಮೂರನೆಯ ದಿನಕ್ಕೇ ಹಂಚುವ ಅವಸರ ಬೇಡ, ಮೊದಲ ತಿಥಿಯವರೆಗೆ ಅವು ಅಲ್ಲೇ ಇರಲಿ. ಕೌದಿ ಹೊಲಿಯುವವರು ಇನ್ನೂ ಇದ್ದಾರೆ. ಊರಿಗೆ ಹೋಗುವಾಗ ಕಾಟನ್ ಸೀರೆಗಳ ಒಂದು ಗಂಟು ಅವರಿಗೆ ತಲುಪಲಿ, ಹೊಲಿಗೆಗೆ ಸರಿಯಾದ ಕೂಲಿಯೂ ಸಿಗಲಿ. ಕಾವಲುಗಾರನಿಗೆ ಹೇಳಿ ಬೋಹಾರೀಣಳನ್ನು ತಿಂಗಳಿಗೊಮ್ಮೆ ಒಳಗೆ ಬಿಡಿಸುವುದೂ ಸೊಸೈಟಿಯ ಸಭೆಯಲ್ಲಿ ಆಗಬಹುದಾದ ಕೆಲಸ. ಇಷ್ಟೆಲ್ಲ ಆದ ಮೇಲೂ ಕೆಳಗಿನ ಅರೆಯಲ್ಲಿ ಆರು ಸೀರೆ ಉಳಿದರೆ, ಅವಳು ಅವನ್ನು ಉಡದಿದ್ದರೂ, ಅವು ಅಲ್ಲಿರಲಿ.